ನಾಲೆಯ ಏರಿಯ ಮೇಲೆ



ದಾರಿಗಳಲ್ಲಿ ಎರಡು ಜಾತಿಯುಂಟು. ಒಂದು, ಊರಿನಿಂದ ಊರಿಗೆ ಹೋಗುವ ಅವಸರದಿಂದ ಹುಟ್ಟಿದ್ದು. ಇನ್ನೊಂದು, ನೀರಿನ ಮಗ್ಗುಲಲ್ಲಿ ಹುಟ್ಟಿ, ನೀರಿನೊಡನೆ ಬಳುಕಿ, ನೀರಿನ ಚಾಕರಿಯಲ್ಲಿಯೇ ಸವೆದು ಬಂದದ್ದು. ನಾಲೆಯ ಏರಿ, ಕೆರೆಯ ಕಟ್ಟೆ, ಹೊಳೆಯಂಚಿನ ಕಾಲುಹಾದಿ ಇವೆಲ್ಲ ಈ ಎರಡನೆಯ ಜಾತಿಗೆ ಸೇರಿದವು. ಈ ಹೊತ್ತು ನಾನು ಹೇಳಬೇಕೆಂದಿರುವುದು ಇವುಗಳ ವಿಚಾರ. ಮುಂಜಾನೆ ಓಡುವ ಅಭ್ಯಾಸವುಳ್ಳವರು, ರಜಾ ದಿನಗಳಲ್ಲಿ ಬೈಸಿಕಲ್ಲೇರಿ ಊರ ಹೊರಕ್ಕೆ ಹೊರಡುವವರು ನಮ್ಮ ಪಟ್ಟಣಗಳಲ್ಲಿ ಈಚೆಗೆ ಹೆಚ್ಚಾಗಿದ್ದಾರೆ. ಹೆದ್ದಾರಿಯಲ್ಲಿ ಮೋಟಾರುಗಳ ಹೊಗೆಯನ್ನೂ ಕೂಗನ್ನೂ ಸಹಿಸಲಾರದೆ ಅವರು ತಾವಾಗಿಯೇ ನಾಲೆಯ ಏರಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಹೋಗುವುದು ಒಳ್ಳೆಯದೇ. ಆದರೆ ಆ ದಾರಿ ಅಲ್ಲಿಗೆ ಹೇಗೆ ಬಂತು, ಅದು ಯಾರದ್ದು, ಎಷ್ಟು ಕಾಲ ಉಳಿದೀತು ಎಂಬುದನ್ನು ಯೋಚಿಸಿದವರು ಕಡಮೆ.

ಬೈಸಿಕಲ್ ತುಳಿದವರಿಗೆಲ್ಲ ಗೊತ್ತಿರುವ ಒಂದು ಸುಖದಿಂದ ಪ್ರಾರಂಭಿಸೋಣ. ಹೆಸರು ಏರಿಯೆಂದಿದ್ದರೂ ನಾಲೆಯ ಏರಿಯ ಮೇಲೆ ಏರು ಎಂಬುದಿಲ್ಲ. ಮೈಸೂರು ಸೀಮೆಯ ನೆಲ ಉಬ್ಬುತಗ್ಗಿನ ನೆಲ. ಇಲ್ಲಿಯ ರಸ್ತೆಗಳು ದಿಣ್ಣೆಯನ್ನು ಹತ್ತಿ ಹಳ್ಳಕ್ಕೆ ಇಳಿದು ಮತ್ತೆ ಹತ್ತುತ್ತವೆ. ನಾಲೆಗೆ ಆ ಸ್ವಾತಂತ್ರ್ಯವಿಲ್ಲ. ನೀರು ತಾನಾಗಿ ಹರಿಯಬೇಕು. ಹಾಗೆಂದು ರಭಸದಿಂದ ಹರಿದು ದಡವನ್ನು ಕೊರೆಯಲೂ ಬಾರದು. ಆದುದರಿಂದ ನಾಲೆಯನ್ನು ತೆಗೆದವರು ನೆಲದ ಮಟ್ಟವನ್ನು ಬಿಡದೆ ಹಿಡಿದು, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರನ್ನು ಮಾತ್ರ ಕೊಟ್ಟು, ಗುಡ್ಡದ ಸೊಂಟವನ್ನು ಬಳಸಿಕೊಂಡು ಹಳ್ಳದ ತಲೆಯನ್ನು ಸುತ್ತಿಕೊಂಡು ಹೋದರು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಇಂಜಿನಿಯರು ತೆಗೆಸಿದ ದೋಣಿಯ ನಾಲೆಗಳೂ ಹೀಗೆಯೇ ಮಟ್ಟ ಹಿಡಿದು ಬಳಸುತ್ತವೆ. ಅಲ್ಲಿ ದಡದ ಹಾದಿಯಾದದ್ದು ದೋಣಿಯನ್ನೆಳೆಯುವ ಕುದುರೆಗಾಗಿ. ನಮ್ಮ ಏರಿಯ ಕಥೆ ಬೇರೆ. ನಾಲೆಯನ್ನು ಅಗೆದ ಮಣ್ಣನ್ನೇ ಪಕ್ಕಕ್ಕೆ ಹಾಕಿ ತುಳಿದು ಗಟ್ಟಿ ಮಾಡಿದ ಏರಿ ನಮ್ಮದು. ಅದರ ಮೇಲೆ ಓಡಾಡಿ ಅದನ್ನು ದಾರಿಯಾಗಿ ಮಾಡಿದವನು ನೀರುಗಂಟಿ. ಎಲ್ಲಿ ಏಡಿ ಬಿಲ ತೋಡಿದೆ, ಎಲ್ಲಿ ನೀರು ಹೊರಕ್ಕೆ ಜಿನುಗುತ್ತಿದೆ, ಯಾರ ಗದ್ದೆಯ ತೂಬು ರಾತ್ರಿಯ ಹೊತ್ತು ತನ್ನಷ್ಟಕ್ಕೆ ತಾನೇ ತೆರೆದುಕೊಂಡಿದೆ, ಇದನ್ನೆಲ್ಲ ನೋಡಿಕೊಳ್ಳುವುದು ಅವನ ಕೆಲಸ. ನಾವು ಆರೋಗ್ಯಕ್ಕಾಗಿ ಓಡುವ ದಾರಿ ಅವನ ಪಹರೆಯ ದಾರಿ.

ಈ ಜಾತಿಯ ದಾರಿಗೆ ಶ್ರೀರಂಗಪಟ್ಟಣದ ಸುತ್ತಿನ ಸೀಮೆಗಿಂತ ಒಳ್ಳೆಯ ನೆಲವನ್ನು ನಾನು ಕಂಡಿಲ್ಲ. ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಪ್ರಾರಂಭವಾದದ್ದು 1911ರಲ್ಲಿ. ಅದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಇಲ್ಲಿ ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಗಳಿದ್ದವು, ಆ ಕಟ್ಟೆಗಳಿಂದ ಹೊರಟ ನಾಲೆಗಳಿದ್ದವು. ಉತ್ತರದ ದಡದಲ್ಲಿ ಚಿಕ್ಕದೇವರಾಜ ಒಡೆಯರ ಹೆಸರನ್ನು ಹೊತ್ತ ನಾಲೆ. ದಕ್ಷಿಣದ ದಡದಲ್ಲಿ ವಿರಿಜಾ ನಾಲೆ. ಇವುಗಳ ನಡುವೆ, ಮೇಲ್ಗಾಲುವೆಯ ಮೂಲಕ ಹೊಳೆಯ ಕವಲನ್ನೇ ದಾಟಿ ದ್ವೀಪದೊಳಕ್ಕೆ ನೀರನ್ನು ಒಯ್ದ ಬಂಗಾರದೊಡ್ಡಿ ನಾಲೆ. ಈ ಹಳೆಯ ನಾಲೆಗಳ ದಡದಲ್ಲಿ ಹೊಂಗೆ, ಅತ್ತಿ, ಮತ್ತಿ ಮರಗಳು ಬೇರೂರಿವೆ. ಕಟ್ಟೆಯ ಕಲ್ಲುಗಳು ಒಗೆಯುವವರ ಕೈಯಲ್ಲಿ ನುಣುಪಾಗಿವೆ. ಹೊಸ ನಾಲೆಗಳಲ್ಲಿ ಈ ನೆರಳಿಲ್ಲ. ಅಲ್ಲಿ ಅಗಲವುಂಟು, ದೂರವುಂಟು. ಮೊದಲು ಇರ್ವಿನ್ ನಾಲೆಯೆಂದು ಕರೆಯಿಸಿಕೊಂಡು ಅನಂತರ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ದೊಡ್ಡ ನಾಲೆ ಹುಲಿಕೆರೆಯ ಬಳಿ ಒಂದು ಮೈಲಿಗೂ ಉದ್ದವಾದ ಸುರಂಗವನ್ನು ಹೊಕ್ಕು ಮಂಡ್ಯದ ಕಡೆಗೆ ಹೋಗುತ್ತದೆ. ಅಷ್ಟು ಹೊತ್ತೂ ಜೊತೆಯಲ್ಲಿ ಬಂದ ನೀರು ಅಲ್ಲಿ ಬೈಸಿಕಲ್ಲಿನವನನ್ನು ಬಿಟ್ಟು ನೆಲದೊಳಕ್ಕೆ ಇಳಿದುಬಿಡುತ್ತದೆ. ಅವನು ದಿಣ್ಣೆಯನ್ನು ಹತ್ತಿ ಇಳಿದು ಆಚೆಯ ಬಾಯಿಯನ್ನು ಹುಡುಕಿಕೊಳ್ಳಬೇಕು. ನಾಲೆ ತನ್ನ ಮಟ್ಟಕ್ಕಾಗಿ ಎಷ್ಟು ಕಷ್ಟಪಟ್ಟಿದೆಯೆಂಬುದು ಆ ದಿಣ್ಣೆಯ ಮೇಲೆ ಕಾಲಿಗೆ ತಿಳಿಯುತ್ತದೆ.

ಪಾಲಹಳ್ಳಿಯ ಕಡೆ ಹೋದವರು ರಂಗನತಿಟ್ಟಿಗೂ ಹೋಗುತ್ತಾರೆ. ಅಲ್ಲಿಯ ನಡುಗಡ್ಡೆಗಳನ್ನು ಕಂಡು, ಇದು ಮನುಷ್ಯನ ಕೈ ಸೋಕದ ನಿಸರ್ಗವೆಂದು ಹಲವರು ಉದ್ಗಾರ ತೆಗೆಯುವುದನ್ನು ಕೇಳಿದ್ದೇನೆ. ಸಂಗತಿ ಹಾಗಿಲ್ಲ. 1645ರಿಂದ 1648ರ ಸುಮಾರಿನಲ್ಲಿ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಹಾಕಿದ್ದರಿಂದಲೇ ನೀರು ನಿಂತು ಆ ತಿಟ್ಟುಗಳಾದವು. ಒಕ್ಕಲುಗಳ ಗದ್ದೆಗೆಂದು ತಡೆದ ನೀರಿನಲ್ಲಿ ಹಕ್ಕಿಗಳು ತಮ್ಮ ಪಾಲನ್ನು ಕಂಡುಕೊಂಡವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರಿನ ಅರಸರು 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಗೊತ್ತುಮಾಡಿದರು. 2022ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪ್ರಕಾರ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಬಾಯ್ಕಳಕ ಇವೆಲ್ಲ ಅಲ್ಲಿ ಗೂಡು ಕಟ್ಟುವುದೇನೋ ನಿಜ. ಆದರೆ ಗೂಡಿರುವಲ್ಲಿಯೇ ಊಟವಿರುವುದಿಲ್ಲ. ಬಾಯ್ಕಳಕ ಬಸವನಹುಳುವನ್ನು ಹುಡುಕಿಕೊಂಡು ಗದ್ದೆಗೆ ಬರುತ್ತದೆ. ಬೆಳ್ಳಕ್ಕಿಗಳು ಉಳುವವನ ಹಿಂದೆಯೇ ನಡೆಯುತ್ತವೆ. ಮಿಂಚುಳ್ಳಿಗೆ ನಾಲೆಯ ಮೇಲಿನ ತಂತಿಯೇ ಪೀಠ. ಏರಿಯ ಮೇಲೆ ಓಡುವಾಗ ನಾವು ಈ ಹಕ್ಕಿಗಳ ಅಡುಗೆಮನೆಯ ಹೊಸ್ತಿಲಲ್ಲಿ ಓಡುತ್ತಿರುತ್ತೇವೆ. ಒಂದು ವಿಚಿತ್ರವನ್ನು ನೀವೇ ಪರೀಕ್ಷಿಸಬಹುದು. ತನ್ನ ಪಾಡಿಗೆ ತಾನು ಸಾಗುವ ಓಟಗಾರನನ್ನು ಕೊಕ್ಕರೆ ಅಷ್ಟಾಗಿ ಲೆಕ್ಕಿಸುವುದಿಲ್ಲ. ನಿಂತು, ಬೆರಳು ತೋರಿಸಿ, ಜೊತೆಯವರನ್ನು ಕೂಗಿದ ಕೂಡಲೆ ಅದು ಎದ್ದು ಹೋಗುತ್ತದೆ.

ಕಾಡಿನ ದಾರಿಯ ವಿಚಾರದಲ್ಲಿ ನಾನು ಇಷ್ಟು ಉದಾರಿಯಲ್ಲ. ಕರಿಘಟ್ಟದ ಬೆಟ್ಟದ ಕೆಳಗೆ, ಲೋಕಪಾವನಿ ಕಾವೇರಿಯನ್ನು ಸೇರುವ ಕಡೆಯಲ್ಲಿ, ಕುರುಚಲು ಗಿಡಗಳ ನಡುವೆ ಹಗಲು ಹೊತ್ತು ನಡೆದುಬರಲು ಅಡ್ಡಿಯಿಲ್ಲ. ದಟ್ಟವಾದ ಕಾಡಿನ ಮಾತು ಬೇರೆ. ಅಭಯಾರಣ್ಯಗಳಿಗೆ ಅಪ್ಪಣೆಯಿಲ್ಲದೆ ಹೋಗಕೂಡದೆಂದು 1972ರ ವನ್ಯಜೀವಿ ಕಾನೂನು ಹೇಳುತ್ತದೆ; ಬಂಡೀಪುರದ ಹೆದ್ದಾರಿಯಲ್ಲಿಯೇ ರಾತ್ರಿ 9ರಿಂದ ಬೆಳಗಿನ 6ರವರೆಗೆ ಗಾಡಿಗಳ ಓಡಾಟವನ್ನು 2009ರಲ್ಲಿ ನಿಲ್ಲಿಸಲಾಯಿತು. ಆನೆಯ ದಾರಿಯಲ್ಲಿ ಬೈಸಿಕಲ್ ತುಳಿಯುವುದನ್ನು ಸಾಹಸವೆಂದು ನಾನು ಒಪ್ಪಲಾರೆ. ನಾಲೆಯ ಸೀಮೆಯಲ್ಲಿಯೂ ಎಚ್ಚರ ಬೇಕು. ನೀರು ಬಂದ ಮೇಲೆ ಕಬ್ಬು ಬಂತು. ಆಳೆತ್ತರದ ಕಬ್ಬಿನಲ್ಲಿ ಚಿರತೆ ಸೇರಿಕೊಂಡಿದೆ. ನಸುಕಿನ ಕತ್ತಲಲ್ಲಿ ಒಂಟಿಯಾಗಿ ಕಬ್ಬಿನ ಗದ್ದೆಯ ಮಗ್ಗುಲಲ್ಲಿ ಓಡುವುದಕ್ಕಿಂತ, ಸೂರ್ಯ ಒಂದು ಮಾರು ಮೇಲೆ ಬರುವವರೆಗೆ ಕಾದು ಹೊರಡುವುದು ಮೇಲು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಎಲ್ಲರಿಗೂ ಗೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಆದ ಕೆರೆ ಅದು. ಬೆಳಗ್ಗೆ ಸಂಜೆ ನೂರಾರು ಜನ ಅದನ್ನು ಸುತ್ತುತ್ತಾರೆ. ಆದರೆ ಆ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯನ್ನು ಎಷ್ಟು ಮಂದಿ ನೋಡಿದ್ದಾರೆ? ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು 19ನೆಯ ಶತಮಾನದ ಆದಿಯಲ್ಲಿ ದಿವಾನ್ ಪೂರ್ಣಯ್ಯನವರು ತೆಗೆಸಲು ಪ್ರಾರಂಭಿಸಿದ ನಾಲೆ ಅದು. ಅವರು ಉದ್ದೇಶಿಸಿದ ಕಾರ್ಯ ಕೈಗೂಡಲಿಲ್ಲ. ಆದರೂ ಅಗೆದ ನಾಲೆ ಮಳೆಯ ನೀರನ್ನು ಒಟ್ಟುಮಾಡಿ ಕೆರೆಗೆ ಒಪ್ಪಿಸುತ್ತ ಬಹುಕಾಲ ಬಾಳಿತು. ಊರು ಬೆಳೆದ ಹಾಗೆ ಅದರ ಮೇಲೆ ಬಡಾವಣೆಗಳು ಬಂದವು. ಅಲ್ಲಲ್ಲಿ ಮಣ್ಣು ತುಂಬಿತು. ಕೆಲವೆಡೆ ಅದು ಚರಂಡಿಯಾಯಿತು. ಒಂದೇ ನೀರಿನ ಎರಡು ಅಂಗಗಳಲ್ಲಿ ಒಂದು ಉಳಿದು ಇನ್ನೊಂದು ಅಳಿದದ್ದೇಕೆ? ಕಾರಣಗಳು ಹಲವು ಇರಬಹುದು. ನನಗೆ ತೋರುವ ಒಂದನ್ನು ಹೇಳುತ್ತೇನೆ. ಕೆರೆಯ ಏರಿಯ ಮೇಲೆ ಜನ ದಿನವೂ ನಡೆಯುತ್ತಿದ್ದರು. ಒಂದು ಗಾಡಿ ಮಣ್ಣು ಬಂದು ಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನಾಲೆಯ ಏರಿಯ ಮೇಲೆ ನಡೆಯುವವರು ಇರಲಿಲ್ಲ.

ಇದಕ್ಕೆ ಬಹು ದೂರದ ಒಂದು ನಿದರ್ಶನವುಂಟು. ಅಮೆರಿಕದಲ್ಲಿ ಪೊಟೋಮ್ಯಾಕ್ ನದಿಯ ಮಗ್ಗುಲಲ್ಲಿಯೇ, ರಾಜಧಾನಿಯಾದ ವಾಷಿಂಗ್ಟನ್ನಿನಿಂದ ಕಂಬರ್ಲೆಂಡ್ ಎಂಬ ಊರಿನವರೆಗೆ, ಚೆಸಪೀಕ್ ಮತ್ತು ಒಹಾಯೊ ಎಂಬ ಹೆಸರಿನ ನಾಲೆಯಿದೆ. ಉದ್ದ 184 ಮೈಲಿಗೂ ಮಿಗಿಲು. 1828ರಲ್ಲಿ ಕೆಲಸ ಪ್ರಾರಂಭವಾಗಿ 1850ರಲ್ಲಿ ಮುಗಿಯಿತು. ಹೇಸರಗತ್ತೆಗಳು ದಡದ ಹಾದಿಯಲ್ಲಿ ನಡೆದು ಕಲ್ಲಿದ್ದಲಿನ ದೋಣಿಗಳನ್ನೆಳೆದವು. ರೈಲು ಬಂದ ಮೇಲೆ ನಾಲೆ ಬಡವಾಯಿತು. 1924ರ ಪ್ರವಾಹದ ಅನಂತರ ದೋಣಿಯ ಓಡಾಟವೇ ನಿಂತಿತು. ಆ ದಂಡೆಯ ಮೇಲೆ ಮೋಟಾರು ರಸ್ತೆಯೊಂದನ್ನು ಮಾಡಬೇಕೆಂಬ ಯೋಜನೆ ಹುಟ್ಟಿ, 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅದಕ್ಕೆ ಬೆಂಬಲವಾಗಿ ಸಂಪಾದಕೀಯ ಬರೆಯಿತು. ಅಲ್ಲಿಯ ಪರಮೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ವಿಲಿಯಂ ಡಗ್ಲಸ್ ಅವರು, ಆ ಸಂಪಾದಕೀಯ ಬರೆದವರು ತಮ್ಮೊಡನೆ ಆ ಹಾದಿಯನ್ನು ಪೂರ್ತಿ ನಡೆದು ಅನಂತರ ಅಭಿಪ್ರಾಯ ಹೇಳಲಿ ಎಂದು ಪತ್ರ ಬರೆದರು. ಪತ್ರಿಕೆಯವರು ಒಪ್ಪಿದರು. ಆ ವರ್ಷದ ಮಾರ್ಚಿ ತಿಂಗಳಲ್ಲಿ ಕಂಬರ್ಲೆಂಡಿನಿಂದ ಹೊರಟ ತಂಡ ಎಂಟು ದಿನ ನಡೆದು ರಾಜಧಾನಿಗೆ ಬಂತು; ಪೂರ್ತಿಯಾಗಿ ನಡೆದವರು ನ್ಯಾಯಾಧೀಶರೂ ಸೇರಿ ಒಂಬತ್ತು ಮಂದಿ. ಪತ್ರಿಕೆ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡಿತು, ರಸ್ತೆಯ ಯೋಜನೆ ಹಿಂದೆ ಸರಿಯಿತು, 1971ರಲ್ಲಿ ಆ ನಾಲೆ ರಾಷ್ಟ್ರೀಯ ಉದ್ಯಾನವಾಯಿತು. ಹೇಸರಗತ್ತೆಯ ಹಾದಿಯಲ್ಲಿ ಈಗ ಓಡುವವರೂ ಬೈಸಿಕಲ್ಲಿನವರೂ ಹೋಗುತ್ತಾರೆ. ಸಂಪಾದಕರನ್ನು ನಡೆಸಿದ ಆ ಉಪಾಯ ನನಗೆ ಬಹಳ ಮೆಚ್ಚಿಗೆ.

ನಮ್ಮ ನಾಲೆಗೂ ಆ ನಾಲೆಗೂ ಒಂದು ಅಂತರವನ್ನು ಮರೆಯಕೂಡದು. ಅದು ಕೆಲಸ ಬಿಟ್ಟ ನಾಲೆ. ನಮ್ಮದು ದುಡಿಯುತ್ತಿರುವ ನಾಲೆ. ಇಲ್ಲಿಯ ನೀರು ಆಳವಾದುದು, ಬಿರುಸಾದುದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಏರಿಗಳ ಮೇಲೆ ತಡೆಗೋಡೆ ಬೇಕೆಂಬ ಕೂಗು ಅಂದು ಎದ್ದದ್ದು ನ್ಯಾಯವೇ ಸರಿ. ಬಸ್ಸು ಹೋಗುವ ಕಡೆ ಗೋಡೆ ಬೇಕೇ ಬೇಕು. ಆದರೆ ಕಾಲುಜಾರಿ ಬಿದ್ದ ಒಬ್ಬಂಟಿಯನ್ನು ಗೋಡೆ ಮೇಲಕ್ಕೆತ್ತುವುದಿಲ್ಲ. ಹಳೆಯ ಮಣ್ಣಿನ ದಡದಲ್ಲಿ ಹಿಡಿದುಕೊಳ್ಳಲು ಬೇರೋ ಆಪೋ ಸಿಕ್ಕುತ್ತಿತ್ತು. ಈಚಿನ ವರ್ಷಗಳಲ್ಲಿ ನಾಲೆಗಳ ಒಳಮೈಗೆ ಕಾಂಕ್ರೀಟನ್ನು ಹೊದಿಸಲಾಗಿದೆ. ನೀರು ಪೋಲಾಗದೆ ಕೊನೆಭಾಗದ ರೈತನಿಗೆ ಮುಟ್ಟಬೇಕಾದರೆ ಇದು ಅವಶ್ಯಕ, ಅವನ ಗದ್ದೆಯ ಮುಂದೆ ನಮ್ಮ ವಿಹಾರ ದೊಡ್ಡದಲ್ಲ. ಆದರೆ ಪಾಚಿಗಟ್ಟಿದ ಆ ಇಳಿಜಾರನ್ನು ಈಜು ಬಲ್ಲವನೂ ಹತ್ತಿ ಬರಲಾರ. ಹಿಂದಿನವರು ನಾಲೆಗೆ ಅಲ್ಲಲ್ಲಿ ಕಲ್ಲಿನ ಸೋಪಾನಗಳನ್ನು ಕಟ್ಟುತ್ತಿದ್ದರು. ಬಟ್ಟೆ ಒಗೆಯುವುದಕ್ಕೂ ದನಗಳಿಗೆ ನೀರು ಕುಡಿಸುವುದಕ್ಕೂ ಆಗುತ್ತಿದ್ದ ಅವೇ ಮೆಟ್ಟಿಲುಗಳು ಬಿದ್ದವನಿಗೆ ಆಸರೆಯೂ ಆಗುತ್ತಿದ್ದವು. ಎರಡು ಫರ್ಲಾಂಗಿಗೊಂದು ಸೋಪಾನ, ಅದರ ಕೆಳಗೆ ನಾಲೆಗೆ ಅಡ್ಡಲಾಗಿ ಒಂದು ಸರಪಣಿ: ಕಾಂಕ್ರೀಟು ಹಾಕುವವರು ಇಷ್ಟನ್ನು ಸೇರಿಸಿದರೆ ವೆಚ್ಚ ಬಹಳ ಹೆಚ್ಚುವಂತಿಲ್ಲ. ಇದನ್ನು ಕೇಳಬೇಕಾದವರು ಯಾರು? ಹಳ್ಳಿಯ ಹೆಂಗಸು ಮೆಟ್ಟಿಲಿಲ್ಲದ ದಡದಲ್ಲಿ ಬಗ್ಗಿ ಕೊಡ ತುಂಬುತ್ತಾಳೆ. ಅವಳ ಮಾತು ಕಚೇರಿಯನ್ನು ಮುಟ್ಟುವುದಿಲ್ಲ. ಅರ್ಜಿ ಬರೆಯಬಲ್ಲ ಪಟ್ಟಣದವರು ಈಗ ಅದೇ ಏರಿಯ ಮೇಲೆ ಪ್ರತಿ ಭಾನುವಾರ ಓಡುತ್ತಿದ್ದಾರೆ.

ಹೋಗುವವರು ನೆನಪಿಡತಕ್ಕ ಕೆಲವು ಸಣ್ಣ ಸಂಗತಿಗಳಿವೆ. ಎದುರಿಗೆ ಎತ್ತಿನ ಗಾಡಿ ಬಂದರೆ ಬೈಸಿಕಲ್ಲಿನವನು ಇಳಿಯಬೇಕು, ನೀರಿನ ಕಡೆಯ ಅಂಚನ್ನು ಬಿಟ್ಟು ಗದ್ದೆಯ ಕಡೆಗೆ ಸರಿಯಬೇಕು. ತೂಬಿನ ತಿರುಗಣಿಯನ್ನು ಕುತೂಹಲಕ್ಕೂ ಮುಟ್ಟಕೂಡದು. ಅದರ ಒಂದು ಸುತ್ತಿನ ಮೇಲೆ ಎರಡು ಹಳ್ಳಿಗಳ ಜಗಳ ನಿಂತಿರುತ್ತದೆ. ಒಗೆಯುವ ಕಲ್ಲುಗಳಿರುವ ಕಡೆ ಕ್ಯಾಮರಾವನ್ನು ಚೀಲದಲ್ಲಿಡುವುದು ಮರ್ಯಾದೆ. ಕಟ್ಟು ಪದ್ಧತಿಯ ಪ್ರಕಾರ ಸರದಿಯ ಮೇಲೆ ನೀರು ಬಿಡುವ ಕಾಲದಲ್ಲಿ, ನಿನ್ನೆ ಬತ್ತಿದ್ದ ಸೀಳುನಾಲೆ ಇಂದು ಕಂಠಮಟ್ಟ ತುಂಬಿರಬಹುದು. ಒಳಕ್ಕೆ ಇಳಿದು ಅಡ್ಡಹಾಯುವ ಮುನ್ನ ಊರಿನವರನ್ನು ಕೇಳಬೇಕು.

ಮಳೆಗಾಲ ಮುಗಿದು ಏರಿ ಗಟ್ಟಿಯಾದ ಕಾರ್ತಿಕ, ಮಾರ್ಗಶಿರ ಮಾಸಗಳು ಓಡುವುದಕ್ಕೆ ಪ್ರಶಸ್ತವೆಂದು ಎಲ್ಲರೂ ಹೇಳುತ್ತಾರೆ. ನಾನು ಬೇಸಗೆಯ ಕೆಲವು ದಿನಗಳನ್ನೂ ಸೂಚಿಸುತ್ತೇನೆ. ದುರಸ್ತಿಗಾಗಿ ನಾಲೆಯನ್ನು ನಿಲ್ಲಿಸಿದಾಗ ತಳದ ಹೂಳು ಕಾಣುತ್ತದೆ, ಕಲ್ಲುಗಳ ಜೋಡಣೆ ಕಾಣುತ್ತದೆ. ಉಳಿದ ಗುಂಡಿಗಳ ಸುತ್ತ ಬೆಳ್ಳಕ್ಕಿಗಳೂ ಹುಡುಗರೂ ಮೀನಿಗಾಗಿ ಪೈಪೋಟಿಗೆ ನಿಂತಿರುತ್ತಾರೆ. ಆಗ ನೀರುಗಂಟಿಗೂ ಸ್ವಲ್ಪ ಬಿಡುವು. ಕೇಳಿದರೆ ಅವನು ಏಡಿಯ ಬಿಲ ಯಾವುದು, ದಡವನ್ನು ಒಡೆಯುವ ಜಿನುಗು ಯಾವುದು ಎಂಬುದನ್ನು ಕೋಲಿನಿಂದ ತೋರಿಸಿ ಹೇಳುತ್ತಾನೆ.