ಗಾಜಿನಲ್ಲಿ ಹಣ್ಣಾದ ರೇಷ್ಮೆಹುಳು
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಡಾಕ್ಟರ್, ಇಂಜಿನಿಯರ್ ಆಗುವುದರ ಬಗ್ಗೆ ಈ ವೇದಿಕೆಯಲ್ಲಿ ಪ್ರತಿ ವರ್ಷ ಕೇಳುತ್ತೀರಿ. ನಾನು ಹೇಳಹೊರಟಿರುವುದು ಗಾಜಿನಲ್ಲಿ ಶಿಲ್ಪ ಮಾಡುವ ಒಬ್ಬ ಹುಡುಗಿಯ ವಿಷಯ. ಶಿಡ್ಲಘಟ್ಟದವಳು, ತಂದೆ ರೀಲರ್. ಹೈಸ್ಕೂಲಿನಲ್ಲಿ ನನ್ನ ಬಳಿ ಕನ್ನಡ ಓದಿದವಳು. ಈಗ ಬೆಂಗಳೂರಿನಲ್ಲಿ ದೃಶ್ಯಕಲಾ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಹೆಸರು ಬೇಡ ಸರ್ ಎಂದಿದ್ದಾಳೆ, ಹೇಳುವುದಿಲ್ಲ.

ಚಿಂತಾಮಣಿ ತಾಲ್ಲೂಕಿನ ಅವಳ ನಾನಿಯ ಮನೆಯಲ್ಲಿ ಹುಳು ಸಾಕುತ್ತಾರೆ. ಹುಳು ಹಣ್ಣಾಗುವುದನ್ನು ನಮ್ಮಲ್ಲಿ ನೋಡದವರು ಕಡಿಮೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಸೊಪ್ಪು ಮೇಯುತ್ತದೆ. ಆಮೇಲೆ ಮೇವು ಬಿಟ್ಟು, ಮೈ ಸ್ವಲ್ಪ ಕುಗ್ಗಿ, ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ಆಗ ಚಂದ್ರಿಕೆಗೆ ಬಿಡುತ್ತೇವೆ. ನಮಗೆ ಅದು ಕೆಲಸದ ಗುರುತು ಮಾತ್ರ. ಅವಳು ಆ ತಿಳಿಯನ್ನೇ ನೋಡಿದಳು. ಕಾಲೇಜಿನಲ್ಲಿ ಅದೇ ಹುಳುವನ್ನು ಜೇಡಿಮಣ್ಣಿನಲ್ಲಿ ಮಾಡಿದಳು, ಮರದಲ್ಲಿ ಮಾಡಿದಳು. ಎರಡೂ ಸತ್ತ ಹುಳುವಿನಂತೆ ಕಂಡವಂತೆ. ಬೆಳಕು ಒಳಗೆ ಹೋಗಬೇಕಾದರೆ ಗಾಜೇ ಬೇಕು.

ಪ್ರಯೋಗಾಲಯದ ಗಾಜಿನ ಉಪಕರಣ ಮಾಡುವ ಹಿರಿಯ ಕುಶಲಕರ್ಮಿಯೊಬ್ಬರು ಕಲಿಸಲು ಒಪ್ಪಿದರು. ಗ್ಯಾಸ್ ಮತ್ತು ಆಮ್ಲಜನಕದ ಉರಿಯಲ್ಲಿ ಗಾಜಿನ ಕಡ್ಡಿ ಹಿಡಿದು ತಿರುಗಿಸುತ್ತಲೇ ಇರಬೇಕು. ಒಂದು ಕ್ಷಣ ನಿಲ್ಲಿಸಿದರೆ ಮೆತ್ತಗಾದ ಗಾಜು ಜೋತು ಬೀಳುತ್ತದೆ. ಮೊದಲ ತಿಂಗಳು ಬರೀ ಉಂಡೆಗಳು, ಬೆರಳಿಗೆ ಬೊಬ್ಬೆಗಳು. ಹುಳು ಒಂದು ರೂಪಕ್ಕೆ ಬಂದಾಗ ಹಿಪ್ಪುನೇರಳೆ ಎಲೆಗೆ ಹಸಿರು ಬೇಕಾಯಿತು. ಅಮ್ಮಿಯ ಹಸಿರು ಬಳೆಗಳನ್ನು ಕರಗಿಸಿ ಎಲೆ ಮಾಡಿ ಹುಳುವಿಗೆ ಅಂಟಿಸಿದಳು. ಆರುತ್ತಿದ್ದಂತೆಯೇ ಬೆಸುಗೆಯಲ್ಲಿ ಚಟ್ಟನೆ ಸೀಳಿತು. ಬಳೆಯ ಗಾಜು ಬೇರೆ, ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜು ಬೇರೆ. ಬಿಸಿಗೆ ಬಳೆಯ ಗಾಜು ಸುಮಾರು ಮೂರು ಪಟ್ಟು ಹೆಚ್ಚು ಹಿಗ್ಗುತ್ತದೆ, ಆರುವಾಗ ಅಷ್ಟೇ ಹೆಚ್ಚು ಕುಗ್ಗುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಉಷ್ಣ ವ್ಯಾಕೋಚನ ಎಂದು ಬಾಯಿಪಾಠ ಮಾಡುತ್ತೀರಲ್ಲ, ಅದು ಇದೇ. ಒಂದೇ ಜಾತಿಯ ಗಾಜಾದರೂ ಹೊರಗಿಟ್ಟು ಆರಿಸುವಂತಿಲ್ಲ. ಕುಲುಮೆಯಲ್ಲಿ ಸುಮಾರು 560 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ನಿಧಾನವಾಗಿ ಇಳಿಸಬೇಕು. ಇಲ್ಲದಿದ್ದರೆ ಒಳಗೆ ಉಳಿದ ಬಿಗಿತದಿಂದ ರಾತ್ರಿ ಚೆನ್ನಾಗಿದ್ದುದು ಬೆಳಿಗ್ಗೆ ಒಡೆದಿರುತ್ತದೆ.

ಇದೆಲ್ಲ ಹುಚ್ಚು ಎನ್ನುವವರಿಗಾಗಿ ಒಂದು ಮಾತು. ಜರ್ಮನಿಯ ಡ್ರೆಸ್ಡೆನ್ ಬಳಿ ಲಿಯೋಪೋಲ್ಡ್ ಬ್ಲಾಷ್ಕಾ ಮತ್ತು ಅವರ ಮಗ ರುಡಾಲ್ಫ್ ಇದ್ದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪಾಠಕ್ಕಾಗಿ 1887ರಿಂದ 1936ರವರೆಗೆ 4,000ಕ್ಕೂ ಹೆಚ್ಚು ಗಾಜಿನ ಸಸ್ಯ ಮಾದರಿಗಳನ್ನು ಮಾಡಿಕೊಟ್ಟರು. 1895ರಲ್ಲಿ ತಂದೆ ತೀರಿಕೊಂಡ ಮೇಲೆ ಮಗ ಒಬ್ಬರೇ ನಾಲ್ಕು ದಶಕ ದುಡಿದರು. ಕೊಳೆತ ಹಣ್ಣನ್ನೂ ಬಿಡದೆ ಗಾಜಿನಲ್ಲಿ ಮಾಡಿದ್ದಾರೆ! ಅವರಲ್ಲಿ ಏನೋ ಗುಪ್ತ ಯಂತ್ರವಿದೆ ಎಂದು ಜನ ನಂಬಿದ್ದರು. ಹಾಗೇನೂ ಇಲ್ಲ, ತಲೆಮಾರಿನಿಂದ ಬಂದ ಕೈಚಳಕ ಅಷ್ಟೇ ಎಂದು ತಂದೆಯೇ ಬರೆದಿದ್ದರು.

ಪೋಷಕರೇ, ನಿಮ್ಮ ಪ್ರಶ್ನೆ ನನಗೆ ಗೊತ್ತು. ಹುಡುಗಿಯ ಅಬ್ಬಾ ಕೂಡ ಅದನ್ನೇ ಕೇಳಿದರು: "ಮಾಸ್ಟ್ರೇ, ಇದರಿಂದ ಹೊಟ್ಟೆ ತುಂಬುತ್ತದೆಯೇ?" ಶಿಲ್ಪ ಮಾರಿ ಬದುಕುವುದು ಸುಲಭವೆಂದು ನಾನು ಸುಳ್ಳು ಹೇಳಲಿಲ್ಲ. ಆದರೆ ಪ್ರಯೋಗಾಲಯಗಳಿಗೆ ಗಾಜು ಊದುವವರು ಬೇಕು, ಶಾಲೆಗಳಿಗೆ ಕಲಾ ಶಿಕ್ಷಕರು ಬೇಕು. ಪಿಯುಸಿ ಆದ ಮೇಲೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಾಗಲಿ, ಮೈಸೂರಿನ ಕಾವಾದಲ್ಲಾಗಲಿ ಈ ಪದವಿಗೆ ಸೇರಬಹುದು. ಗೌರಿಬಿದನೂರಿನಿಂದ ಬಂದ ಇಬ್ಬರು ಹುಡುಗರು ಈಗಾಗಲೇ ನನ್ನನ್ನು ವಿಚಾರಿಸಿದ್ದಾರೆ. ಅವಳ ಅಬ್ಬಾ ಒಪ್ಪಿದ್ದು ಒಂದು ವರ್ಷಕ್ಕೆ ಮಾತ್ರ. ಆಮೇಲೆ ವರ್ಷ ವರ್ಷಕ್ಕೂ ಕೇಳಿ ಒಪ್ಪಿಸಿಕೊಂಡಿದ್ದಾಳೆ. ಕಳೆದ ರಜೆಯಲ್ಲಿ ಗಾಜಿನ ಹುಳುವನ್ನು ಕಿಟಕಿಗೆ ಹಿಡಿದು ನೋಡಿ, "ಇನ್ನೂ ಅರ್ಧ ದಿನ ಬೇಕು, ಪೂರ್ತಿ ಹಣ್ಣಾಗಿಲ್ಲ" ಎಂದರಂತೆ. ಅವಳು ಮತ್ತೊಂದು ಮಾಡಿದಳು.

ಆ ಎರಡೂ ಹುಳುಗಳನ್ನು ಪಕ್ಕದ ಕೋಣೆಯಲ್ಲಿ, ಕಿಟಕಿಯ ಹತ್ತಿರದ ಮೇಜಿನ ಮೇಲೆ ಇಡಲಾಗಿದೆ. ಸಾಲಾಗಿ ಹೋಗಿ ನೋಡಿ. ದಯವಿಟ್ಟು ಯಾರೂ ಮುಟ್ಟಬೇಡಿ.