ದಪ್ಪ ಅಕ್ಷರ ಓದಿ ಸುಮ್ಮನಾಗಬ್ಯಾಡ್ರಿ
(ಸತ್ತೂರಿನ ಹೊಸ ಓದುಗರ ಮುಂದೆ ಮಾಡಿದ ಭಾಷಣ)



ನೀವು ಈಗ ಅಕ್ಷರ ಕಲಿತೀರಿ. ಬಸ್ಸಿನ ಬೋರ್ಡು ಓದತೀರಿ. ರೇಶನ್ ಕಾರ್ಡಿನಾಗಿನ ಹೆಸರು ಓದತೀರಿ. ಬಹಳ ಸಂತೋಷ. ಇನ್ನು ಪೇಪರ್ ಓದೋದು ಹೆಂಗ ಅಂತ ನೋಡೋಣ.

ಪೇಪರಿನಾಗ ಮೊದಲು ಕಣ್ಣಿಗೆ ಬೀಳೋದು ದಪ್ಪ ಅಕ್ಷರ. ಅದಕ್ಕೆ ತಲೆಬರಹ ಅನ್ನುತ್ತಾರೆ. ಕೆಳಗಿನ ಸಣ್ಣ ಅಕ್ಷರ ಓದಲು ನಮಗೆ ತ್ರಾಸು. ಅದಕ್ಕೇ ದಪ್ಪ ಅಕ್ಷರ ಓದಿ ಪೇಪರ್ ಮಡಚಿ ಇಡತೇವಿ. ಮೋಸ ಆಗೋದು ಅಲ್ಲೇ.

ಸಂತ್ಯಾಗ ಮೆಣಸಿನಕಾಯಿ ಕೊಳ್ಳುವಾಗ ಏನು ಮಾಡತೀರಿ? ಚೀಲದ ಮ್ಯಾಲಿಂದು ಅಷ್ಟೇ ನೋಡತೀರೇನು? ಇಲ್ಲ. ಕೈ ಹಾಕಿ ತಳದ್ದೂ ತಗದು ನೋಡತೀರಿ. ಸುದ್ದಿಯನ್ನೂ ಹಾಗೇ ನೋಡಬೇಕು.

ಒಂದು ನಿಜವಾದ ಉದಾಹರಣೆ ಕೇಳ್ರಿ. 2018ರ ಮೇ 12ರಂದು ನಮ್ಮ ವಿಧಾನಸಭೆಗೆ 222 ಕ್ಷೇತ್ರಗಳಲ್ಲಿ ಮತದಾನ ಆಯಿತು. ಮೇ 15ಕ್ಕೆ ಎಣಿಕೆ. ಮುಂಜಾನೆ ಟಿವಿಯಲ್ಲಿ ಬಿಜೆಪಿ ಬಹುಮತ ದಾಟಿದಂತೆ ಕಂಡಿತು. ಆದರೆ ಅದು ಬರೀ ಮುನ್ನಡೆ. ಮುನ್ನಡೆ ಅಂದ್ರ ಗೆಲುವಲ್ಲ. ಎಣಿಕೆ ಮುಗಿದಾಗ ಲೆಕ್ಕ ಹೀಗಿತ್ತು: ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಬಹುಮತಕ್ಕೆ 112 ಬೇಕಿತ್ತು. ಒಟ್ಟು ಮತಗಳಲ್ಲಿ ನೂರಕ್ಕೆ ಸುಮಾರು 38 ಕಾಂಗ್ರೆಸ್ಸಿಗೆ, ಸುಮಾರು 36 ಬಿಜೆಪಿಗೆ.

ಇದೇ ಲೆಕ್ಕಕ್ಕೆ ಮೂರು ತಲೆಬರಹ ಹಾಕಬಹುದು:
ಬಿಜೆಪಿಯೇ ದೊಡ್ಡ ಪಕ್ಷ.
ಕಾಂಗ್ರೆಸ್ಸಿಗೇ ಹೆಚ್ಚು ಮತ.
ಯಾರಿಗೂ ಬಹುಮತ ಇಲ್ಲ.

ಮೂರೂ ಖರೇನ. ಆದರೆ ಒಂದನ್ನೇ ಓದಿದವನಿಗೆ ಒಂದೇ ಮಗ್ಗಲು ಕಾಣತದ. ಸುಳ್ಳು ಹೇಳದೇನೂ ದಾರಿ ತಪ್ಪಿಸಬಹುದು, ನೋಡ್ರಿ.

ಮುಂದೇನಾಯಿತು? ಮೇ 17ಕ್ಕೆ ಯಡಿಯೂರಪ್ಪನವರು ಮುಖ್ಯಮಂತ್ರಿ ಆದರು. ಬಹುಮತ ಸಾಲದೆ 19ಕ್ಕೆ ರಾಜೀನಾಮೆ ಕೊಟ್ಟರು. 23ಕ್ಕೆ ಜೆಡಿಎಸ್‌ನ ಕುಮಾರಸ್ವಾಮಿಯವರು ಕಾಂಗ್ರೆಸ್ ಬೆಂಬಲದಿಂದ ಮುಖ್ಯಮಂತ್ರಿ ಆದರು. ಪೂರ್ತಿ ಲೆಕ್ಕ ಓದಿದವರಿಗೆ ಇದು ತಿಳಿಯಿತು. ದಪ್ಪ ಅಕ್ಷರ ಅಷ್ಟೇ ಓದಿದವರು, ‘ಇದೇನಪಾ ಹಿಂಗಾತು’ ಅಂದರು.

ಸುದ್ದಿ ಒಂದು ಕಡೆ ವಾಲೋದು ಯಾಕೆ? ಪೇಪರ್, ಟಿವಿ ನಡೆಸಲು ರೊಕ್ಕ ಬೇಕು. ರೊಕ್ಕ ಜಾಹೀರಾತಿನಿಂದ ಬರತದ. ಕೆಲವು ಮಾಲಕರಿಗೆ ಪಕ್ಷದ ನಂಟು ಇರತದ. ಚುನಾವಣೆಯಲ್ಲಿ ರೊಕ್ಕ ಇಸಗೊಂಡು ಜಾಹೀರಾತನ್ನೇ ಸುದ್ದಿಯಂತೆ ಹಾಕುವುದೂ ಉಂಟು. ಇದಕ್ಕೆ ಪೇಡ್ ನ್ಯೂಸ್ ಅನ್ನುತ್ತಾರೆ. ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ಈ ಬಗ್ಗೆ ವರದಿ ಮಾಡಿತು. ತಲೆಬರಹ ಕೆಳಗಿನ ಸುದ್ದಿಗೆ ತಕ್ಕಂತೆ ಇರಬೇಕು ಎಂಬ ನಿಯಮವೂ ಮಂಡಳಿಯದ್ದೇ. ಆದರೆ ಮಂಡಳಿ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವಂತಿಲ್ಲ. ಹಾಗಾಗಿ ಕಾವಲು ನಾವೇ ಕಾಯಬೇಕು.

ಎಲ್ಲ ಪೇಪರೂ ಸುಳ್ಳು ಅಂತಲ್ಲ. ನಮ್ಮೂರ ರಸ್ತೆ, ನೀರಿನ ತ್ರಾಸನ್ನು ಸರಕಾರಕ್ಕೆ ಮುಟ್ಟಿಸುವುದೂ ಪೇಪರೇ. ಬಿಡಬ್ಯಾಡ್ರಿ, ತಿಳಿದು ಓದ್ರಿ. ಹೆಂಗಂದ್ರ:

1. ತಲೆಬರಹದ ಕೆಳಗಿನ ನಾಲ್ಕು ಸಾಲನ್ನಾದರೂ ಓದ್ರಿ.
2. ಈ ಮಾತು ಹೇಳಿದವರು ಯಾರು? ಹೆಸರು ಐತೇನು? ನೋಡ್ರಿ.
3. ತಲೆಬರಹದ ಕೊನೆಗೆ ಪ್ರಶ್ನೆ ಗುರುತು (?) ಇದ್ದರೆ ಪೇಪರಿನವರಿಗೂ ಖಾತ್ರಿ ಇಲ್ಲ ಅಂತ ತಿಳೀರಿ.
4. ಎದುರಿನ ಪಕ್ಷದವರ ಮಾತೂ ಹಾಕಿದ್ದಾರೇನು? ನೋಡ್ರಿ.
5. ಅದೇ ಸುದ್ದಿಯನ್ನು ಇನ್ನೊಂದು ಪೇಪರಿನಾಗ ಓದ್ರಿ. ಫೋನಿಗೆ ಬಂದ ಸುದ್ದಿಗೂ ಇದೇ ಮಾತು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ಹಿರಿಯರು ಹೇಳ್ಯಾರ. ಮತ ನಮ್ಮದು. ಅದನ್ನು ಯಾರಿಗೆ ಹಾಕಬೇಕು ಅಂತ ದಪ್ಪ ಅಕ್ಷರ ಹೇಳಬಾರದು. ನಾವು ಓದಿ, ನಾಲ್ಕು ಮಂದಿ ಕೂಡಿ ಮಾತಾಡಿ, ನಾವೇ ಠರಾವು ಮಾಡಬೇಕು.



ಕೂಡಿ ಮಾತಾಡಿರಿ:
ಮುನ್ನಡೆಗೂ ಗೆಲುವಿಗೂ ಏನು ವ್ಯತ್ಯಾಸ?
ಇಂದಿನ ಪೇಪರ್ ತೆಗೆಯಿರಿ. ತಲೆಬರಹ ಓದಿರಿ. ಕೆಳಗಿನ ಸುದ್ದಿಗೆ ಅದು ಹೊಂದುತ್ತದೆಯೇ?