ಗೋಕಾಕದ ಗುಡ್ಡದಲ್ಲಿ ಒಂದು ದಿನದ ನಡಿಗೆ



ಜ್ವಾಲಾಮುಖಿಯ ಕಲ್ಲನ್ನು ತುಳಿಯಲು ಜಾವಾ ದ್ವೀಪಕ್ಕೇ ಹೋಗಬೇಕೆಂದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾರಸವು ತಣಿದು ಕರಿಗಲ್ಲಾಯಿತು. ಆ ಕಲ್ಲು ಸವೆದು ಮೂಡಲಗಿ, ಹುಕ್ಕೇರಿ ಕಡೆಯ ಎರೆಮಣ್ಣಾಯಿತು. ಶಿಖರವಿಲ್ಲ, ಹೊಗೆಯಿಲ್ಲ, ಜೋಳ ಬೆಳೆಯುತ್ತದೆ, ಅಷ್ಟೇ!

ಗೋಕಾಕದ ಗುಡ್ಡ ಹತ್ತಿದರೆ ಕಲ್ಲೇ ಬೇರೆ. ಘಟಪ್ರಭೆಯು 52 ಮೀಟರ್ ಧುಮುಕುವ ಬಂಡೆ ಲಾವಾಕ್ಕಿಂತ ಬಹು ಹಳೆಯದಾದ ಮರಳುಗಲ್ಲು. ಅದರ ಮೇಲಿನ ಮಣ್ಣು ತೆಳುವಾದುದು. ಹುಲ್ಲು, ಕುರುಚಲು ಗಿಡಗಳ ಬೇರುಗಳೇ ಅದನ್ನು ಹಿಡಿದಿಟ್ಟಿವೆ. ಜಲಪಾತ ತುಂಬಿ ಹರಿಯುವ ಮಳೆಗಾಲದಲ್ಲಿಯೇ ಚಾರಣಿಗರು ಹೆಚ್ಚು. ಹುಲ್ಲು ಮೊಳೆಯುವುದೂ ಆಗಲೇ. ಒಬ್ಬರು ತುಳಿದ ಅಡ್ಡದಾರಿಯನ್ನು ಇನ್ನೊಬ್ಬರು ಹಿಡಿಯುತ್ತಾರೆ. ತುಳಿತಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ; ಇಳಿಜಾರಿಗೆ ನೇರವಾಗಿ ಬಿದ್ದ ಕಾಲುದಾರಿ ಮಳೆಯಲ್ಲಿ ಕೊರಕಲಾಗುತ್ತದೆ. ಕೊಚ್ಚಿಹೋದ ಒಂದಂಗುಲ ಮಣ್ಣು ಮರಳಿ ಕೂಡಲು ನೂರಾರು ವರ್ಷ ಬೇಕು.

ನಡೆಯುವುದೇ ಬೇಡವೆಂದು ಇದರ ಅರ್ಥವಲ್ಲ. ದನ, ಕುರಿ ಕಾಯುವವರ ಹಳೆಯ ಹಾದಿ ಇಳಿಜಾರನ್ನು ಓರೆಯಾಗಿ ಬಳಸಿ ಏರಿದ್ದಲ್ಲಿ ಅದನ್ನೇ ಹಿಡಿಯಿರಿ. ಹಾದಿ ಕೆಸರಾಗಿದ್ದರೆ ಪಕ್ಕದ ಹುಲ್ಲಿಗೆ ಸರಿಯದೆ ಬರಿಯ ಬಂಡೆಯ ಮೇಲೆ ಕಾಲಿಡಿ. ಪಾಚಿಗಟ್ಟಿದ್ದರೆ ಮಾತ್ರ ಎಚ್ಚರ. ಜಲಪಾತದ ಅಂಚಿನ ಬಂಡೆಗಂತೂ ಯಾರೂ ಹೋಗಬಾರದು.